ಒಂದು ಗೂಡಿನ ಲಾಟು, ಇಬ್ಬರು ಗೈಡ್‌ಗಳು

ಮ್ಯಾನೇಜ್‌ಮೆಂಟ್ ಅಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಐಐಎಂ. ಕಲ್ಕತ್ತಾ ಮತ್ತು ಅಹಮದಾಬಾದಿನ ಐಐಎಂಗಳು ಶುರುವಾಗಿದ್ದು 1961ರಲ್ಲಿ, ಬೆಂಗಳೂರಿನದು 1973ರಲ್ಲಿ. ಆದರೆ ಯಶವಂತಪುರದ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವುದು, ಅಲ್ಲಿನ ಮ್ಯಾನೇಜ್‌ಮೆಂಟ್ ವಿಭಾಗದ ಬೇರು 1948ಕ್ಕೇ ಹೋಗುತ್ತದೆ. ಲೇತ್ ಮಷಿನ್ನು, ವಿಮಾನದ ರೆಕ್ಕೆ, ರಸಾಯನದ ಲ್ಯಾಬುಗಳ ಪಕ್ಕದಲ್ಲೇ ಮ್ಯಾನೇಜ್‌ಮೆಂಟ್ ಕಲಿಸಬೇಕು ಅನ್ನುವ ಯೋಚನೆ ಹೊಸದೇನಲ್ಲ. ಈಗ ಐಐಟಿಗಳಲ್ಲೂ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಇಂಥ ವಿಭಾಗಗಳಿವೆ. ನಾನು ಪಿಎಚ್‌ಡಿ ಮಾಡಿದ್ದು ಅಂಥದೇ ಒಂದು ಕಡೆ. ಯಾವುದು ಅಂತ ಹೇಳುವುದಿಲ್ಲ, ಮುಂದೆ ಒಂದೆರಡು ದೂರು ಬರುವುದಿದೆ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಬಿಇ ಮುಗಿಸಿ ಔಟರ್ ರಿಂಗ್ ರೋಡಿನ ಕಂಪನಿಯೊಂದರಲ್ಲಿ ಜಾಹೀರಾತು ಹರಾಜು ಹಾಕುವ ಸಾಫ್ಟ್‌ವೇರ್ ಬರೆಯುತ್ತಿದ್ದೆ. ನೀವು ಫೋನಿನಲ್ಲಿ ಒಂದು ಸುದ್ದಿ ತೆರೆದಾಗ ಪಕ್ಕದಲ್ಲಿ ಯಾವ ಜಾಹೀರಾತು ಬರಬೇಕು ಅನ್ನುವುದಕ್ಕೂ ಹರಾಜು ನಡೆಯುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಅದರ ಗಣಿತ ಇಷ್ಟವಾಗಿ ಸಂಶೋಧನೆಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಮ್ಯಾನೇಜ್‌ಮೆಂಟ್ ವಿಭಾಗದ ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಹರಾಜು ಅಂತೀರ. ಕಣ್ಣಾರೆ ಯಾವ ಹರಾಜು ನೋಡಿದ್ದೀರ?" ಮಾಗಡಿ ಹತ್ತಿರ ನಮ್ಮಜ್ಜಿ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮಾವನ ಜೊತೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ಅದನ್ನೇ ಹೇಳಿದೆ. ಕಂಪ್ಯೂಟರ್ ಸೈನ್ಸಿನ ಪ್ರೊಫೆಸರ್ ಮೇಲೆ ನೋಡಿದರು. "ಈಗ ಅಲ್ಲಿ ಇ-ಹರಾಜು ಅಲ್ವಾ? ಬಿಡ್ ಫೋನಿನಲ್ಲೇ ಬರುತ್ತೆ. ಅಂದ್ರೆ ಡೇಟಾ ಇರುತ್ತೆ."

ಹೀಗೆ ನನಗೆ ಇಬ್ಬರು ಗೈಡ್‌ಗಳಾದರು. ಬೇರೆ ವಿಭಾಗದವರನ್ನು ಸಹ ಮಾರ್ಗದರ್ಶಕರನ್ನಾಗಿ ಮಾಡಿಕೊಳ್ಳಲು ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಅವಕಾಶ ಇದೆ. ಕಾಗದದ ಮೇಲೆ ಮೇಡಂ ಮುಖ್ಯ, ಸರ್ ಸಹ. ನಿಜದಲ್ಲಿ ಇಬ್ಬರೂ ಮುಖ್ಯ, ಇಬ್ಬರಿಗೂ ಬೇರೆ ಬೇರೆ ಚಾಪ್ಟರ್ ಬೇಕು.

ಕೋರ್ಸ್‌ವರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನಿಷ್ಠ 12 ಕ್ರೆಡಿಟ್ ಅನ್ನುವುದು ನಿಯಮ. ನಾನು ಗೇಮ್ ಥಿಯರಿಯನ್ನು ಕಂಪ್ಯೂಟರ್ ವಿಭಾಗದಲ್ಲಿ, ಸಂಭವನೀಯತೆಯನ್ನು ಗಣಿತ ವಿಭಾಗದಲ್ಲಿ, ಇಕನಾಮೆಟ್ರಿಕ್ಸ್ ಮತ್ತು ಕ್ಷೇತ್ರ ಸಂಶೋಧನೆಯ ವಿಧಾನವನ್ನು ನಮ್ಮ ವಿಭಾಗದಲ್ಲಿ ತೆಗೆದುಕೊಂಡೆ. ಗಣಿತದ ತರಗತಿಯಲ್ಲಿ ಸಾಬೀತಾದರೆ ಮಾತು ಮುಗಿಯಿತು. ಕ್ಷೇತ್ರ ವಿಧಾನದ ತರಗತಿಯಲ್ಲಿ ರೈತರಿಗೆ ಕೇಳುವ ಒಂದು ಪ್ರಶ್ನೆಯನ್ನು ಹೇಗೆ ಬರೆಯಬೇಕು ಅಂತಲೇ ವಾರಗಟ್ಟಲೆ ಚರ್ಚೆ. ಶುರುವಿನಲ್ಲಿ ಎರಡನೆಯದು ಕಾಲಹರಣ ಅನ್ನಿಸುತ್ತಿತ್ತು. ಗೇಮ್ ಥಿಯರಿಯಲ್ಲಿ ವಿಲಿಯಂ ವಿಕ್ರಿಯವರ 1961ರ ಲೇಖನ ಓದಿಸಿದರು. ಮುಚ್ಚಿದ ಬಿಡ್‌ನಲ್ಲಿ ಗೆದ್ದವನು ತನ್ನ ಬೆಲೆ ಕೊಡದೆ ಎರಡನೆಯವನ ಬೆಲೆ ಕೊಟ್ಟರೆ ಎಲ್ಲರೂ ನಿಜವಾದ ಬೆಲೆಯನ್ನೇ ಬರೆಯುತ್ತಾರೆ ಅನ್ನುವ ಮಾತು ಅದರಲ್ಲಿದೆ. ಅದಕ್ಕೆ ನೊಬೆಲ್ ಬಂದಿದ್ದು 1996ರಲ್ಲಿ, ಸುದ್ದಿ ಬಂದ ಮೂರನೇ ದಿನ ಅವರು ತೀರಿಕೊಂಡರು. ಪಾಠಕ್ಕೆ ಸಂಬಂಧವಿಲ್ಲದ ಈ ಸಂಗತಿ ಮಾತ್ರ ಕ್ಲಾಸಿನಲ್ಲಿ ಎಲ್ಲರಿಗೂ ನೆನಪಿತ್ತು.

ಆಮೇಲೆ ಕಾಂಪ್ರಹೆನ್ಸಿವ್, ಅಂದರೆ ಸಂಶೋಧನೆ ಮುಂದುವರಿಸಲು ಪಾಸಾಗಬೇಕಾದ ಮೌಖಿಕ ಪರೀಕ್ಷೆ. ಒಂದೇ ವಿಭಾಗದವರಾದರೆ ಪರೀಕ್ಷಕರು ಏನು ಕೇಳಬಹುದು ಅಂತ ಸೀನಿಯರ್‌ಗಳನ್ನು ಕೇಳಿ ತಿಳಿದುಕೊಳ್ಳಬಹುದು. ನನ್ನ ಸಮಿತಿಯಲ್ಲಿ ಗಣಿತದವರು, ಕಂಪ್ಯೂಟರಿನವರು, ಅರ್ಥಶಾಸ್ತ್ರದವರು, ಸಂಘಟನೆಗಳ ಬಗ್ಗೆ ಕೆಲಸ ಮಾಡುವವರು ಎಲ್ಲ ಇದ್ದರು. ಗಣಿತದವರು "ಸಮತೋಲನ ಇದೆ ಅಂತ ತೋರಿಸಿ" ಅಂದರು, ಅಂದರೆ ಯಾರಿಗೂ ತನ್ನ ಬಿಡ್ ಬದಲಿಸಿ ಲಾಭವಿಲ್ಲದ ಸ್ಥಿತಿ. ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅರ್ಧದಲ್ಲೇ ಇನ್ನೊಬ್ಬರು "ಈ ಡೇಟಾದಲ್ಲಿ ಯಾರು ಇಲ್ಲ?" ಅಂತ ಕೇಳಿದರು. ಅಂದರೆ ಮಾರ್ಕೆಟ್ಟಿಗೆ ಬಂದು ಬಿಡ್ ಮಾಡದೆ ವಾಪಸ್ ಹೋದವರು, ಬರಲೇ ಇಲ್ಲದವರು. "ಅದು ಸಿಲಬಸ್ ಹೊರಗಿನ ಪ್ರಶ್ನೆ" ಅಂತ ಗಣಿತದವರು ಅಂದರು. "ಅದೇ ಮುಖ್ಯ ಪ್ರಶ್ನೆ" ಅಂತ ಇವರು. ಅವರವರಲ್ಲೇ ಜೋರು ಮಾತು ಶುರುವಾಯಿತು. ನಾನು ಚಾಕ್‌ಪೀಸ್ ಹಿಡಿದು ನಿಂತಿದ್ದೆ. ಪಾಸಾದೆ, ಆದರೆ ಯಾರು ಪಾಸು ಮಾಡಿದರು, ಯಾವ ಉತ್ತರಕ್ಕೆ ಅನ್ನುವುದು ಗೊತ್ತಿಲ್ಲ.

ಇನ್ನು ರಾಮನಗರ. ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅಂತ ಹೆಸರಾದ ಜಾಗ. ಕರ್ನಾಟಕದ 1959ರ ಕಾಯ್ದೆಯಲ್ಲಿ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು ಅನ್ನುವ ನಿಯಮ ಬಂತು. ಕೊಳ್ಳುವವರು ಗೂಡಿನಿಂದ ನೂಲು ಬಿಚ್ಚುವ, ಲೈಸೆನ್ಸ್ ಇರುವ ರೀಲರ್‌ಗಳು. ಬೆಳಗ್ಗೆ ಹೋದರೆ ಗೂಡಿನ ವಾಸನೆ ಗೇಟಿನಲ್ಲೇ ಮೂಗಿಗೆ ಹೊಡೆಯುತ್ತದೆ. ಒಂದೊಂದು ಲಾಟಿನ, ಅಂದರೆ ಒಟ್ಟಿಗೆ ಹರಾಜಾಗುವ ಗೂಡಿನ ರಾಶಿಯ, ಪಕ್ಕದಲ್ಲಿ ರೈತ ನಿಂತಿರುತ್ತಾನೆ. ರೀಲರ್ ಬಂದು ಗೂಡಿನ ರಾಶಿಯೊಳಗೆ ಮೊಣಕೈವರೆಗೂ ಕೈ ಇಳಿಸುತ್ತಾನೆ. ಮೇಲಿನದು ನೋಡಿ ಯಾರೂ ನಂಬುವುದಿಲ್ಲ. ತಳದಿಂದ ಒಂದು ಹಿಡಿ ತೆಗೆದು, ಒಂದನ್ನು ಬೆರಳಲ್ಲಿ ಒತ್ತಿ, ಇನ್ನೊಂದನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳ ಟಕ್ ಟಕ್ ಅಂದರೆ ಸರಿ. ಒಳಗೇ ಸತ್ತು ಅಂಟಿಕೊಂಡಿದ್ದರೆ ಸದ್ದು ಬರುವುದಿಲ್ಲ. ಕಲೆ ಹತ್ತಿದ್ದು, ತೆಳ್ಳಗಿನದು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಅಂತ ಕಣ್ಣಲ್ಲೇ ಲೆಕ್ಕ ಹಾಕುತ್ತಾನೆ. ಆಮೇಲೆ ಫೋನಿನಲ್ಲಿ ಒಂದು ಸಂಖ್ಯೆ ಒತ್ತುತ್ತಾನೆ. ನನ್ನ ಡೇಟಾದಲ್ಲಿ ಬರುವುದು ಆ ಸಂಖ್ಯೆ ಮಾತ್ರ.

ನಾನು ಹಿಡಿದ ಪ್ರಶ್ನೆ ಸರಳವಾಗಿತ್ತು. ತಡವಾಗಿ ಹರಾಜಿಗೆ ಬಂದ ಲಾಟುಗಳಿಗೆ ಬೆಲೆ ಕಮ್ಮಿ ಬೀಳುತ್ತದೆಯೇ, ಬಿದ್ದರೆ ಯಾಕೆ?

ಅರ್ಥಶಾಸ್ತ್ರದಲ್ಲಿ ಇದು ಹಳೆಯ ಒಗಟು. ಓರ್ಲಿ ಆಶೆನ್‌ಫೆಲ್ಟರ್ 1989ರಲ್ಲಿ ವೈನ್ ಹರಾಜುಗಳ ಬಗ್ಗೆ ಬರೆದಿದ್ದರು. ಒಂದೇ ವೈನಿನ ಒಂದೇ ಥರದ ಲಾಟುಗಳು ಒಂದರ ಹಿಂದೆ ಒಂದು ಹರಾಜಾದರೆ ಆಮೇಲೆ ಬಂದವಕ್ಕೆ ಕಡಿಮೆ ಬೆಲೆ ಬರುವುದೇ ಜಾಸ್ತಿ. ಮೇಡಂಗೆ ಇದು ಕೂಡಲೇ ಹಿಡಿಸಿತು. ಸರ್ ಬೇರೆ ದಾರಿ ಹಿಡಿದರು. "ಲಾಟುಗಳ ಅನುಕ್ರಮ ಬದಲಿಸುವ ಅಲ್ಗಾರಿದಮ್ ಬರೆಯೋಣ, ಎಲ್ಲರಿಗೂ ನ್ಯಾಯವಾಗುತ್ತೆ." ಅಷ್ಟರಲ್ಲಿ ಮೈಸೂರಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ರೇಷ್ಮೆ ವಿಜ್ಞಾನಿಯ ಪರಿಚಯವಾಯಿತು. ನನ್ನ ಗ್ರಾಫ್ ನೋಡಿ ಅವರು ನಕ್ಕರು. "ತಡವಾಗಿ ಬರೋ ಗೂಡು ಎಲ್ಲಿಂದ ಬರುತ್ತೆ ಅಂತ ನೋಡಿದ್ದೀಯೇನಮ್ಮಾ?"

ಗೂಡಿನೊಳಗಿನ ಹುಳ ಇನ್ನೂ ಜೀವಂತ. ಅದು ಉಸಿರಾಡುತ್ತದೆ, ಬಿಸಿ ಬಿಡುತ್ತದೆ, ತೇವ ಬಿಡುತ್ತದೆ. ಚೀಲಕ್ಕೆ ಒತ್ತಿ ತುಂಬಿ ಬಿಸಿಲಲ್ಲಿ ದೂರದಿಂದ ತಂದರೆ ಗೂಡು ಬೆವರುತ್ತದೆ, ನೂಲು ಬಿಚ್ಚುವಾಗ ಎಳೆ ಹರಿಯುತ್ತದೆ. ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಹಣ್ಣಾದ ಹುಳ ಬಿಟ್ಟ ಮೇಲೆ ಹತ್ತು ಹನ್ನೆರಡು ದಿನ ಕಳೆದರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ಅಷ್ಟರೊಳಗೆ ಮಾರಿ, ಬಿಸಿಯಲ್ಲಿ ಹುಳ ಸಾಯಿಸಿ ಒಣಗಿಸಬೇಕು. ರೈತ ನಾಳೆಗೆ ನೋಡೋಣ ಅನ್ನುವ ಹಾಗಿಲ್ಲ. ವೈನ್ ಬಾಟಲಿಗೆ ಈ ಪಾಡಿಲ್ಲ. "ನಿಮ್ಮ ಲಾಟುಗಳು ಒಂದೇ ಥರದವು ಅಂತ ಯಾರು ಹೇಳಿದ್ದು?" ಅನ್ನುವುದು ವಿಜ್ಞಾನಿಯ ವಾದ.

ನಾಲ್ಕನೆಯ ಉತ್ತರ ಒಬ್ಬ ರೀಲರ್ ಕೊಟ್ಟರು. ಎಲ್ಲರೂ ಭಾಯ್ ಅನ್ನುತ್ತಿದ್ದರು, ನಾನೂ ಭಾಯ್ ಅನ್ನುತ್ತಿದ್ದೆ. ಚಹಾ ಅಂಗಡಿಯಲ್ಲಿ ನನ್ನ ಪ್ರಶ್ನೆ ಕೇಳಿ ಅವರು ಹೇಳಿದ್ದು ಹೀಗೆ. "ನೋಡಮ್ಮಾ, ನನ್ನ ಹತ್ರ ಇರೋ ನೂಲು ತೆಗೆಯೋ ಬಿಸಿನೀರಿನ ಬೇಸಿನ್ ಇಷ್ಟು, ಕೆಲಸಕ್ಕೆ ಬರೋ ಹೆಂಗಸರು ಇಷ್ಟು ಜನ. ಬೆಳಗ್ಗೇನೇ ಎರಡು ಲಾಟ್ ಸಿಕ್ಕಿದ್ರೆ ನನ್ನ ಹೊಟ್ಟೆ ತುಂಬ್ತು. ಆಮೇಲೆ ಎಂಥ ಗೂಡು ಬಂದ್ರೂ ನೋಡಿ ಸುಮ್ನೆ ಹೋಗ್ತೀನಿ. ದುಡ್ಡು ಬೇರೆ ಮುಗಿದಿರುತ್ತೆ."

ಒಂದೇ ಬೆಲೆಗೆ ನಾಲ್ವರ ನಾಲ್ಕು ಮಾತು. ನಾಲ್ಕನ್ನೂ ಒಟ್ಟಿಗೆ ಅಳೆಯದಿದ್ದರೆ ಯಾರ ಮಾತೂ ತಪ್ಪು ಅನ್ನುವ ಹಾಗಿಲ್ಲ, ಸರಿ ಅನ್ನುವ ಹಾಗೂ ಇಲ್ಲ. ನನ್ನ ಪ್ರಕಾರ ಬೇರೆ ಬೇರೆ ಜ್ಞಾನಶಿಸ್ತುಗಳು ಒಟ್ಟು ಸೇರಬೇಕಾಗುವುದು ಇಂಥ ಜಾಗದಲ್ಲಿ. ಸೆಮಿನಾರ್ ಹಾಲಿನಲ್ಲಿ ನಾಲ್ವರನ್ನು ವೇದಿಕೆ ಮೇಲೆ ಕೂರಿಸಿದರೆ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಿ ಊಟಕ್ಕೆ ಹೋಗುತ್ತಾರೆ. ಒಂದೇ ಲಾಟಿನ ಬೆಲೆಗೆ ನಾಲ್ವರೂ ಉತ್ತರ ಹೇಳಬೇಕಾದರೆ ಜಗಳ ಆಗಲೇಬೇಕು.

ಗುಣಮಟ್ಟ ಅಳೆಯಬೇಕಾದರೆ ಗೂಡು ಬೇಕು. ಒಂದೊಂದೇ ಗೂಡು ಬೇಯಿಸಿ, ಎಳೆ ಹಿಡಿದು, ಕೈಚಕ್ರಕ್ಕೆ ಸುತ್ತಿ ಉದ್ದ ನೋಡುವ ಪರೀಕ್ಷೆ ಇದೆ. ಒಳ್ಳೆಯ ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿಯ, ಗೂಡಿನಲ್ಲಿ ಒಂದೇ ಎಳೆ 1000 ಮೀಟರ್ ದಾಟುತ್ತದೆ. ರೀಲರ್‌ಗಳು ನೋಡುವುದು ರೆಂಡಿಟಾ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನುವ ಲೆಕ್ಕ. ಒಳ್ಳೆ ದ್ವಿತಳಿಗೆ 6ರಿಂದ 6.5, ಮಿಶ್ರತಳಿಗೆ 7–8. ಪರೀಕ್ಷೆಗೆ ಬೇಕಾದ ಗೂಡಿಗೆ ಪ್ರಾಜೆಕ್ಟ್ ಹಣ ಕೇಳಿದೆ. ನಮ್ಮ ಲೆಕ್ಕಪತ್ರದ ಕಚೇರಿಯಿಂದ ಫೈಲ್ ವಾಪಸ್ ಬಂತು. ಮೂರು ಕೊಟೇಶನ್ ಲಗತ್ತಿಸಿ ಅಂತ ಷರಾ. ಹರಾಜಿನಲ್ಲಿ ಬೆಲೆ ಕಟ್ಟುವ ಸರಕಿಗೆ ಮೂರು ಕೊಟೇಶನ್ ಎಲ್ಲಿಂದ ತರುವುದು? ನಾನು ಓದುತ್ತಿದ್ದುದೇ ಹರಾಜಿನ ಬಗ್ಗೆ, ಆ ಕಚೇರಿಗೆ ಹರಾಜು ಅಂದರೇನು ಅಂತ ಟಿಪ್ಪಣಿ ಬರೆದುಕೊಟ್ಟೆ. ನನ್ನ ಪಿಎಚ್‌ಡಿಯಲ್ಲಿ ಅತಿ ಸ್ಪಷ್ಟವಾಗಿ ಬರೆದ ಪುಟಗಳು ಬಹುಶಃ ಅವೇ. ಇನ್ನೂ ಒಂದು ತೊಡಕಿತ್ತು. ಲೈಸೆನ್ಸ್ ಇಲ್ಲದ ನಾನು ಅಲ್ಲಿ ಗೂಡು ಕೊಳ್ಳುವ ಹಾಗಿರಲಿಲ್ಲ. ಕಡೆಗೆ ಭಾಯ್ ತಾವು ಕೊಂಡ ಲಾಟುಗಳಿಂದಲೇ ಒಂದೊಂದು ಹಿಡಿ ತೆಗೆದುಕೊಟ್ಟರು. ದುಡ್ಡು ಕೊಡಲು ಹೋದರೆ, "ರೆಂಡಿಟಾ ಎಷ್ಟು ಬಂತು ಅಂತ ನನಗೂ ಹೇಳು, ಸಾಕು" ಅಂದರು. ಇದು ನ್ಯಾಯವಾದ ವ್ಯಾಪಾರ.

ಭಾಯ್‌ ಅವರ ರೀಲಿಂಗ್ ಘಟಕದಲ್ಲಿ ಕೂತು ನೋಡಿದ ಮೇಲೆ ಮೇಡಂ ಓದಲು ಕೊಟ್ಟಿದ್ದ ಹಳೆಯ ಲೇಖನಗಳು ಅರ್ಥವಾದವು. 1951ರಲ್ಲಿ ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದರು. ಹೊಸ ಯಂತ್ರ ಬಂತು, ಹಳೆಯ ಗುಂಪುಗಳು ಒಡೆದವು, ಕೆಲಸ ಕೆಟ್ಟಿತು. ಅದೇ ಬಳಗದ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿಗೆ ಬಂದರು. ಅಲ್ಲಿ ಆಟೊಮ್ಯಾಟಿಕ್ ಮಗ್ಗ ಬಂದಿದ್ದರೂ ಉತ್ಪಾದನೆ ಏರಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೂರು ಕೆಲಸ ಹಂಚಿದ್ದರು, ಒಂದು ಮಗ್ಗಕ್ಕೆ ಯಾರು ಹೊಣೆ ಅಂತಲೇ ಇರಲಿಲ್ಲ. ಒಂದಷ್ಟು ಮಗ್ಗಗಳಿಗೆ ಒಂದು ತಂಡ ಅಂತ ಮಾಡಿದ ಮೇಲೆ ಕೆಲಸ ಸುಧಾರಿಸಿತು. ನಾನು ಸಾಫ್ಟ್‌ವೇರ್ ಕಡೆಯಿಂದ ಬಂದವಳು, ಬಿಡ್ ಒತ್ತುವ ಫೋನಿನಿಂದ ಆಚೆಗೆ ನೋಡುವ ಅಭ್ಯಾಸವಿರಲಿಲ್ಲ. ಬಿಡ್‌ನ ಮೇಲ್ಮಿತಿ ನಿಂತಿದ್ದುದು ಬಿಸಿನೀರಿನ ಮುಂದೆ ಕೂತ ಹೆಂಗಸರ ಕೈ ಮೇಲೆ. ಇಬ್ಬರು ಊರ ಹಬ್ಬಕ್ಕೆ ಹೋದರೆ ಮಾರನೇ ದಿನ ಭಾಯ್ ಬಿಡ್ ಇಳಿಯುತ್ತಿತ್ತು. ಇದನ್ನು ಹೇಳಿದಾಗ ಸರ್ ತಕ್ಷಣ ಮಾಡೆಲ್‌ಗೆ ಸಾಮರ್ಥ್ಯದ ಮಿತಿ ಸೇರಿಸಿದರು. ಅಲ್ಗಾರಿದಮ್ ಅರ್ಧಕ್ಕರ್ಧ ಬದಲಾಯಿತು. ಅವರು ಬೇಜಾರಾಗಲಿಲ್ಲ, ಖುಷಿಯಾದರು.

ಕಡೆಗೆ ಸಿಕ್ಕಿದ್ದು ದೊಡ್ಡ ಸುದ್ದಿಯೇನಲ್ಲ. ಗೂಡಿನ ಗುಣಮಟ್ಟ, ರೀಲರ್ ಸಾಮರ್ಥ್ಯ ಲೆಕ್ಕಕ್ಕೆ ತಂದ ಮೇಲೆ ಲಾಟಿನ ಸರದಿಯ ಪಾಲು ತುಂಬಾ ಕುಗ್ಗಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಮೇಡಂ ಒಂದು ವಿವರಣೆ, ಸರ್ ಇನ್ನೊಂದು. ಥೀಸಿಸ್‌ನಲ್ಲಿ ಎರಡೂ ಇವೆ.

ಸಂಶೋಧನೆಯ ಜೊತೆಗೆ ಪಾಠದ ಕೆಲಸವೂ ಇತ್ತು. ಸರ್ ಮತ್ತು ಮೇಡಂ ಸೇರಿ 'ಮಾರುಕಟ್ಟೆ ವಿನ್ಯಾಸ' ಅನ್ನುವ ಕೋರ್ಸ್ ತೆಗೆದುಕೊಳ್ಳುತ್ತಿದ್ದರು. ಎಂಟೆಕ್ ಮತ್ತು ಎಂಬಿಎ ಮಕ್ಕಳು ಒಂದೇ ಕ್ಲಾಸಿನಲ್ಲಿ. ನಾನು ಟಿಎ, ಅಂದರೆ ಪಾಠಕ್ಕೆ ಸಹಾಯಕಿ. ಇದರಲ್ಲಿ ಗೆದ್ದವನ ಶಾಪ ಅನ್ನುವ ಪಾಠ ಬರುತ್ತದೆ. ಮೆಕ್ಸಿಕೊ ಕೊಲ್ಲಿಯ ತೈಲ ಹರಾಜುಗಳನ್ನು ನೋಡಿ ಮೂವರು ಎಂಜಿನಿಯರುಗಳು 1971ರಲ್ಲಿ ಬರೆದದ್ದು. ನೆಲದಡಿ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅತಿ ಹೆಚ್ಚು ಅಂದಾಜು ಮಾಡಿದವನೇ ಗೆಲ್ಲುತ್ತಾನೆ, ಹಾಗಾಗಿ ಗೆದ್ದವನು ಕೈ ಸುಟ್ಟುಕೊಳ್ಳುತ್ತಾನೆ. ಇದನ್ನು ಕ್ಲಾಸಿನಲ್ಲಿ ತೋರಿಸಲು ನಾಣ್ಯ ತುಂಬಿದ ಜಾಡಿ ಹರಾಜು ಹಾಕುವುದು ರೂಢಿ. 1983ರಲ್ಲಿ ಬೇಜರ್‌ಮನ್ ಮತ್ತು ಸ್ಯಾಮ್ಯುಯೆಲ್ಸನ್ ಹೀಗೆ ಮಾಡಿದಾಗ 8 ಡಾಲರಿನ ಜಾಡಿಗೆ ವಿದ್ಯಾರ್ಥಿಗಳ ಸರಾಸರಿ ಅಂದಾಜು 5.13 ಡಾಲರ್ ಇತ್ತು. ಆದರೂ ಗೆದ್ದ ಬಿಡ್‌ಗಳ ಸರಾಸರಿ 10.01 ಡಾಲರ್. ಸರ್ ಜಾಡಿ ಬಿಟ್ಟು ಗೂಡು ಇಡೋಣ ಅಂದರು. ಒಣಗಿಸಿದ ಗೂಡಿನ ಒಂದು ತಟ್ಟೆ, ಪಕ್ಕದಲ್ಲಿ ಆ ದಿನದ ಮಾರ್ಕೆಟ್ ದರದ ಚೀಟಿ.

ಎಂಟೆಕ್ ಹುಡುಗರು ಹಂಚಿಕೆ ಊಹಿಸಿ ಲೆಕ್ಕ ಹಾಕಿದರು. ಎಂಬಿಎಯವರು ಪಕ್ಕದವರ ಮುಖ ನೋಡಿ ಬರೆದರು. ಶಿಡ್ಲಘಟ್ಟದ ಒಬ್ಬ ಹುಡುಗ ಮಾತ್ರ ಏನೂ ಬರೆಯಲಿಲ್ಲ. ಒಂದು ಗೂಡು ಎತ್ತಿ ಅಂಗೈಯಲ್ಲಿ ಆಡಿಸಿದ. "ಸಾರ್, ಇದು ಒಣಗಿರೋ ಗೂಡು. ಚೀಟಿಯಲ್ಲಿರೋದು ಹಸಿ ಗೂಡಿನ ರೇಟು. ಒಣಗಿದ್ರೆ ತೂಕ ಅರ್ಧಕ್ಕಿಂತ ಕಮ್ಮಿ ಆಗುತ್ತೆ. ಈ ರೇಟಿಟ್ಟುಕೊಂಡು ಯಾರೂ ಬಿಡ್ ಮಾಡೋಕಾಗಲ್ಲ." ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ರೀಲಿಂಗ್. ಕ್ಲಾಸಿಗೆ ಕ್ಲಾಸೇ ನಕ್ಕಿತು, ಸರ್ ಎಲ್ಲರಿಗಿಂತ ಜೋರಾಗಿ. ಆ ದಿನದ ಉಳಿದ ಪಾಠವನ್ನು ಬೋರ್ಡಿನ ಮುಂದೆ ನಿಂತು ಆ ಹುಡುಗನೇ ಮಾಡಿದ.

ಅಂಕ ಕೊಡುವಾಗ ನಗು ಇರುತ್ತಿರಲಿಲ್ಲ. ಒಂದು ಗುಂಪಿನ ಪ್ರಾಜೆಕ್ಟ್ ವರದಿಗೆ ಸರ್ ಕೊಟ್ಟದ್ದು 20ಕ್ಕೆ 18, ಮೇಡಂ ಕೊಟ್ಟದ್ದು 6. ಯಶವಂತಪುರದ ಈರುಳ್ಳಿ ಮಂಡಿಗೆ ಹರಾಜಿನ ಹೊಸ ನಿಯಮ ಬರೆದಿದ್ದರು, ಲೆಕ್ಕ ಅಚ್ಚುಕಟ್ಟು. ಮಂಡಿಗೆ ಮಾತ್ರ ಒಬ್ಬರೂ ಹೋಗಿರಲಿಲ್ಲ. ಸರಾಸರಿ ತೆಗೆದು 12 ಹಾಕಿಬಿಡೋಣ ಅಂತ ನಾನು ಅಂದೆ, ಇಬ್ಬರೂ ಒಪ್ಪಲಿಲ್ಲ. ಗುಂಪನ್ನು ಕರೆಸಿ, ಮಂಡಿಗೆ ಕಳಿಸಿ, ಮತ್ತೆ ಬರೆಸಿದರು. ನಿಯಮ ಬದಲಾಗಿ ಬಂತು. ದಲ್ಲಾಳಿ ರೈತನಿಗೆ ಮೊದಲೇ ಮುಂಗಡ ಕೊಟ್ಟಿರುತ್ತಾನೆ ಅನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಇಷ್ಟೆಲ್ಲ ಮಾಡಿದ ಇಬ್ಬರಿಗೂ ಸಿಗುತ್ತಿದ್ದುದು ಅರ್ಧರ್ಧ ಕೋರ್ಸಿನ ಲೆಕ್ಕ. ಇಬ್ಬರೂ ಪ್ರತಿ ತರಗತಿಯಲ್ಲಿ ಪೂರ್ತಿ ಹೊತ್ತು ಇರುತ್ತಿದ್ದರು. ಆದರೆ ಒಂದು ಕೋರ್ಸು ಅಂದರೆ ಒಂದೇ ಕೋರ್ಸು, ಇಬ್ಬರು ಮಾಡಿದರೆ ಭಾಗಿಸು. ಬ್ರೋಷರ್‌ನಲ್ಲಿ ಮಾತ್ರ ಅಂತರಶಿಸ್ತೀಯ ಬೋಧನೆ ಅಂತ ಈ ಕೋರ್ಸಿನದೇ ಫೋಟೊ. ಹರ್ಬರ್ಟ್ ಸೈಮನ್ ಹೆಸರು ಹೇಳದ ಉದ್ಘಾಟನಾ ಭಾಷಣ ನಾನು ಕೇಳಿಲ್ಲ. 1975ರಲ್ಲಿ ಕಂಪ್ಯೂಟರ್ ಸೈನ್ಸಿನ ಟ್ಯೂರಿಂಗ್ ಪ್ರಶಸ್ತಿ, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಎರಡೂ ಪಡೆದವರು. ಸರಿಯೇ. ಅವರು 1949ರಲ್ಲಿ ಸೇರಿಕೊಂಡ ಕಾರ್ನೆಗಿ ಟೆಕ್‌ನ ಮ್ಯಾನೇಜ್‌ಮೆಂಟ್ ಶಾಲೆ ಆಗಷ್ಟೇ ಹುಟ್ಟಿತ್ತು, ಒಳಗೆ ಇನ್ನೂ ಗೋಡೆ ಎದ್ದಿರಲಿಲ್ಲ. ಅಂಥ ಜಾಗ ಮಾಡಿಕೊಡದೆ ಅಂಥವರನ್ನು ಕೇಳಿದರೆ ಹೇಗೆ?

ಪೇಪರ್ ಕಳಿಸುವಾಗಲೂ ಇದೇ ಗೋಳು. ಕಂಪ್ಯೂಟರ್ ಸಮ್ಮೇಳನದವರು "ಥಿಯರಿ ಸಾಲದು" ಅಂದರು. ಮ್ಯಾನೇಜ್‌ಮೆಂಟ್ ಜರ್ನಲ್‌ನವರು "ಗಣಿತ ಹೆಚ್ಚಾಯಿತು" ಅಂತ ವಿಮರ್ಶೆಗೂ ಕಳಿಸದೆ ವಾಪಸ್ ಮಾಡಿದರು. ಅದೇ ಕೆಲಸವನ್ನು ಎರಡಾಗಿ ಸೀಳಿ, ಮಾಡೆಲ್ ಒಂದು ಕಡೆ, ಮಾರ್ಕೆಟ್ ಇನ್ನೊಂದು ಕಡೆ ಕಳಿಸಿದ ಮೇಲೆ ಎರಡೂ ಒಪ್ಪಿಗೆಯಾದವು. ಒಟ್ಟಿಗೆ ಇರುವುದು ಥೀಸಿಸ್‌ನಲ್ಲಿ ಮಾತ್ರ, ಅದನ್ನು ಓದುವವರು ಬೆರಳೆಣಿಕೆ.

ಡಿಫೆನ್ಸ್, ಅಂದರೆ ಪರೀಕ್ಷಕರ ಮುಂದೆ ಥೀಸಿಸ್ ಸಮರ್ಥಿಸಿಕೊಳ್ಳುವ ದಿನ, ವಿಶೇಷ ಏನೂ ನಡೆಯಲಿಲ್ಲ. ವಿಜ್ಞಾನಿಗಳು ಮೈಸೂರಿನಿಂದ ಬಂದಿದ್ದರು. ಹಿಂದಿನ ಸಾಲಿನಲ್ಲಿ ಭಾಯ್ ಮಗನ ಜೊತೆ ಕೂತಿದ್ದರು. ಪರೀಕ್ಷಕರು ಪ್ರಶ್ನೆ ಇದೆಯೇ ಅಂತ ಸಭೆಯನ್ನು ಕೇಳಿದಾಗ ಭಾಯ್ ಕೈ ಎತ್ತಿದರು. "ಗೂಡಿನ ಗ್ರೇಡು ಹರಾಜಿಗೆ ಮುಂಚೇನೇ ಬರೆದು ಹಾಕಿದ್ರೆ ರೈತನಿಗೆ ಲಾಭಾನಾ, ನಮಗಾ?" ನನ್ನ ಮಾಡೆಲ್ ಇಬ್ಬರಿಗೂ ಅನ್ನುತ್ತದೆ, ಆದರೆ ಕೈಯಲ್ಲಿ ಮುಟ್ಟಿ ತಿಳಿಯುವ ಹಳೆಯ ರೀಲರ್‌ಗೆ ಸ್ವಲ್ಪ ನಷ್ಟ. ಹಾಗೇ ಹೇಳಿದೆ. "ಗೊತ್ತಿತ್ತು" ಅಂದರು.

ಕೆಲಸದ ಸಂದರ್ಶನಗಳಲ್ಲಿ ಹೋದಲ್ಲೆಲ್ಲ ನಾನು ಮ್ಯಾನೇಜ್‌ಮೆಂಟ್ ಕಲಿಸುವವಳೋ ಕಂಪ್ಯೂಟರ್ ಕಲಿಸುವವಳೋ ಅಂತ ಕೇಳಿದರು. ಒಂದು ಕಡೆ ಅರ್ಹತೆ "ಸಂಬಂಧಪಟ್ಟ ವಿಷಯದಲ್ಲಿ" ಇಲ್ಲ ಅಂತ ಅರ್ಜಿಯೇ ತಿರಸ್ಕಾರವಾಯಿತು. ಈಗ ಇರುವ ಕಾಲೇಜಿನಲ್ಲಿ ಎಂಬಿಎಗೆ ಪಾಠ ಮಾಡುತ್ತೇನೆ. ಕೃಷಿ ಎಂಜಿನಿಯರಿಂಗ್ ಓದಿದ ಒಬ್ಬ ಸಹೋದ್ಯೋಗಿ ಸಿಕ್ಕಿದ್ದಾರೆ, ಟೊಮೆಟೊ ಮಂಡಿ ಮತ್ತು ಶೀತಲಗೃಹದ ಬಗ್ಗೆ ಒಂದು ಕೋರ್ಸ್ ಜೊತೆಗೆ ಮಾಡುತ್ತಿದ್ದೇವೆ. ಎರಡು ವಿಭಾಗಗಳ ಟೈಮ್‌ಟೇಬಲ್ ಹೊಂದುವುದು ಶನಿವಾರ ಮಧ್ಯಾಹ್ನ ಮಾತ್ರ. ಅರ್ಧರ್ಧ ಲೆಕ್ಕದ ಬಗ್ಗೆ ಪ್ರಿನ್ಸಿಪಾಲರಿಗೆ ಈಗಲೇ ಪತ್ರ ಬರೆದಿದ್ದೇವೆ, ಉತ್ತರ ಬಂದಿಲ್ಲ. ಕೋಲಾರದ ಮಂಡಿಗೆ ಬಸ್ಸು ಬುಕ್ ಆಗಿದೆ.